ಫ್ಲಾಸ್ ಫಂಡ್: ಬಿಟ್ಟಿ ತಂತ್ರಾಂಶಕ್ಕೆ ಬೆಂಗಳೂರಿನ ದುಡ್ಡು

ಬೆಂಗಳೂರಿನ ಶೇರು ವಹಿವಾಟಿನ ಕಂಪನಿ ಝೆರೋಧಾ 2024ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಫ್ಲಾಸ್ ಫಂಡ್, ಮುಕ್ತ ತಂತ್ರಾಂಶ (ಯಾರು ಬೇಕಾದರೂ ಓದಿ, ಬದಲಿಸಿ, ಹಂಚಬಹುದಾದ ಕೋಡ್) ಬರೆಯುವವರಿಗೆಂದು ವರ್ಷಕ್ಕೆ 10 ಲಕ್ಷ ಡಾಲರ್ ಎತ್ತಿಡುತ್ತದೆ. ಒಂದು ಪ್ರಾಜೆಕ್ಟಿಗೆ ಕನಿಷ್ಠ 10 ಸಾವಿರ, ಗರಿಷ್ಠ 1 ಲಕ್ಷ ಡಾಲರ್. ಎಲ್ಲರಿಗೂ ಗರಿಷ್ಠವನ್ನೇ ಕೊಟ್ಟರೆ ವರ್ಷಕ್ಕೆ ಹತ್ತು ಪ್ರಾಜೆಕ್ಟು, ಕನಿಷ್ಠ ಕೊಟ್ಟರೆ ನೂರು. ಜಗತ್ತಿನ ಲೆಕ್ಕದಲ್ಲಿ ಇದು ಸಮುದ್ರಕ್ಕೆ ಸುರಿದ ಬಿಂದಿಗೆ ನೀರು. ಆದರೂ 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ, ಆ ದೋಷ ಅಡಗಿದ್ದ, ಅರ್ಧ ಇಂಟರ್ನೆಟ್ಟಿನ ಬೀಗವಾಗಿದ್ದ ಗೂಢಲಿಪಿ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂಬುದನ್ನು ನೆನೆದರೆ ಬಿಂದಿಗೆಯೂ ಸಣ್ಣದಲ್ಲ.

ಇಲ್ಲಿ ಮೆಚ್ಚಬೇಕಾದ್ದು ಹಣಕ್ಕಿಂತ ಅರ್ಜಿಯ ರೀತಿ. ಉದ್ದುದ್ದ ಫಾರ್ಮ್ ಇಲ್ಲ, ಫಂಡಿಂಗ್.ಜೇಸನ್ (funding.json) ಎಂಬ ಒಂದು ಫೈಲನ್ನು ನಿಮ್ಮದೇ ಸೈಟಿನಲ್ಲೋ ರೆಪೊದಲ್ಲೋ (ಪ್ರಾಜೆಕ್ಟಿನ ಕೋಡ್ ಇರುವ ಜಾಗ) ಇಟ್ಟು, ಅದರ ವಿಳಾಸವನ್ನು ಫಂಡಿನ ಡೈರೆಕ್ಟರಿಗೆ ಸಲ್ಲಿಸಿದರೆ ಆಯಿತು. ಒಳಗೆ ನೀವು ಯಾರು, ಪ್ರಾಜೆಕ್ಟು ಯಾವುದು, ಹಣ ಯಾವ ದಾರಿಯಲ್ಲಿ ಬರಬೇಕು, ಎಷ್ಟು ಬೇಕು, ಹಿಂದಿನ ವರ್ಷಗಳ ಆದಾಯ ಮತ್ತು ಖರ್ಚು ಏನು ಎಂಬ ವಿವರ. ಡೈರೆಕ್ಟರಿ ಸಾರ್ವಜನಿಕ, ಹಾಗಾಗಿ ಫ್ಲಾಸ್ ಫಂಡ್ ಬೇಡವೆಂದರೂ ಇನ್ನೊಬ್ಬ ದಾನಿ ಅದೇ ಫೈಲನ್ನು ಓದಬಹುದು. ರೆಡಿ ಮಾಹಿತಿ ಕೈಯಲ್ಲಿದ್ದರೆ ಅರ್ಧ ಗಂಟೆಯ ಕೆಲಸ.

ಎಡವುವುದು ಸಾಮಾನ್ಯವಾಗಿ ಮೂರು ಕಡೆ. ಲೈಸೆನ್ಸನ್ನು ಬರಿದೇ ‘ಎಂಐಟಿ’ ಎಂದು ಬರೆದರೆ ಸಾಲದು, ಎಸ್‌ಪಿಡಿಎಕ್ಸ್ ಎಂಬ ಲೈಸೆನ್ಸ್ ಪಟ್ಟಿಯ ಗುರುತನ್ನು ಅದರ ಮುಂಪದದ ಸಮೇತ (spdx:MIT) ಕೊಡಬೇಕು. ಪ್ರತಿ ಪ್ಲಾನ್ (ಯಾವುದಕ್ಕೆ ಎಷ್ಟು ಬೇಕು ಎಂಬ ಬೇಡಿಕೆ) ತಾನು ಬಳಸುವ, ಹಣ ಬರುವ ದಾರಿಯಾದ ಪಾವತಿ ಚಾನೆಲ್‌ನ ಐಡಿಯನ್ನು ಹೆಸರಿಸಬೇಕು. ಚಾನೆಲ್ ಪಟ್ಟಿಯಲ್ಲಿ ಐಡಿ ಬದಲಿಸಿ ಪ್ಲಾನಿನಲ್ಲಿ ಮರೆತರೆ ಕೊಂಡಿ ಕಳಚುತ್ತದೆ. ಹೆಚ್ಚು ಗೋಳು ಕೊಡುವುದು ಮೂರನೆಯದು: ಫೈಲು ಒಂದು ಡೊಮೇನಿನಲ್ಲಿದ್ದು ರೆಪೊ ಕೋಡ್ ಹಂಚಿಡುವ ಸೈಟಾದ ಗಿಟ್‌ಹಬ್‌ನಲ್ಲಿದ್ದರೆ, ರೆಪೊ ನಿಮ್ಮದೇ ಎಂದು ತೋರಿಸಬೇಕು. ಅದಕ್ಕೆ ರೆಪೊದ ‘.ವೆಲ್-ನೋನ್’ ಫೋಲ್ಡರಿನಲ್ಲಿ ಒಂದು ಟೆಕ್ಸ್ಟ್ ಫೈಲು ಇಟ್ಟು, ಅದರಲ್ಲಿ ಫಂಡಿಂಗ್.ಜೇಸನ್‌ನ ಪೂರ್ತಿ ವಿಳಾಸವನ್ನು ಒಂದು ಸಾಲಾಗಿ ಬರೆಯಬೇಕು. ಇಲ್ಲದಿದ್ದರೆ ಯಾರ ಪ್ರಾಜೆಕ್ಟಿನ ಹೆಸರಲ್ಲಿ ಯಾರು ಬೇಕಾದರೂ ತಟ್ಟೆ ಒಡ್ಡಬಹುದಲ್ಲ.

ಪ್ಲಾನ್ ಬರೆಯುವಾಗ ‘ಎಷ್ಟಾದರೂ ಸರಿ’ ಎಂಬರ್ಥದ ಸೊನ್ನೆ ಮೊತ್ತದ ಪ್ಲಾನ್ ಒಂದಿರಲಿ, ಆದರೆ ಅದೊಂದೇ ಬೇಡ. ‘ಒಬ್ಬ ಡೆವಲಪರ್‌ನ ಆರು ತಿಂಗಳ ಪೂರ್ಣಾವಧಿ ಕೆಲಸ, ಇಂತಿಷ್ಟು’ ಎಂದು ನಿಖರವಾಗಿ ಬರೆದರೆ ಕೊಡುವವರಿಗೆ ತೂಗಲು ಏನಾದರೂ ಸಿಗುತ್ತದೆ. ಆದಾಯ ಸೊನ್ನೆಯಿದ್ದರೆ ಸೊನ್ನೆ ಎಂದೇ ಹಾಕಿ.

ಕೊರತೆಗಳೂ ಇವೆ. ಇದು ಇಡಿಗಂಟು, ಸಂಬಳವಲ್ಲ. ಈ ವರ್ಷ ಬಂದದ್ದನ್ನು ನಂಬಿ ಕೆಲಸ ಬಿಟ್ಟರೆ ಮುಂದಿನ ವರ್ಷ ಕೇಳುವವರಿಲ್ಲ. ಬಳಕೆದಾರರಿಲ್ಲದ ಹೊಸ ಪ್ರಾಜೆಕ್ಟಿಗೆ ಇದು ಸರಿಯಾದ ಬಾಗಿಲಲ್ಲ. ಇನ್ನು ಭಾರತದ ಕಂಪನಿ ವಿದೇಶಕ್ಕೆ ಹಣ ಕಳಿಸುವುದೆಂದರೆ ತೆರಿಗೆ ಕಡಿತದ ಪ್ರಶ್ನೆ ಏಳುತ್ತದೆ. ಜರ್ಮನಿಯಲ್ಲೋ ಬ್ರೆಜಿಲ್‌ನಲ್ಲೋ ಕೂತು ಕೋಡ್ ಬರೆಯುವವರು ತಮ್ಮ ದೇಶದ ತೆರಿಗೆ ನಿವಾಸಿ ಪ್ರಮಾಣಪತ್ರಕ್ಕೆ ಓಡಾಡಬೇಕಾಗುತ್ತದೆ. ಅದನ್ನು ಮೊದಲೇ ತರಿಸಿಟ್ಟುಕೊಳ್ಳುವುದು ಜಾಣತನ.

ತಿಂಗಳು ತಿಂಗಳು ಹನಿ ಹನಿಯಾಗಿ ಬೇಕೆಂದರೆ ಗಿಟ್‌ಹಬ್ ಸ್ಪಾನ್ಸರ್ಸ್ ಇದೆ. ವ್ಯಕ್ತಿಗಳು ಕೊಟ್ಟ ಹಣಕ್ಕೆ ಅದು ಶುಲ್ಕ ಹಿಡಿಯುವುದಿಲ್ಲ, ಸಂಸ್ಥೆಗಳು ಕೊಟ್ಟರೆ ಶೇ 6ರವರೆಗೆ. ತಂಡವಾಗಿ ಲೆಕ್ಕ ತೆರೆದಿಡಬೇಕೆಂದರೆ, ಪ್ರಾಜೆಕ್ಟುಗಳ ಪರವಾಗಿ ಹಣ ಹಿಡಿದು ಲೆಕ್ಕ ಇಡುವ ಸಂಸ್ಥೆ ಓಪನ್ ಸೋರ್ಸ್ ಕಲೆಕ್ಟಿವ್. ಅವರ ಪಾಲು ಶೇ 10. ಆ ಶೇ 10 ಕಣ್ಣಿಗೆ ಚುಚ್ಚಿದರೂ, ಸ್ವಂತ ಟ್ರಸ್ಟು ಕಟ್ಟಿ, ಖಾತೆ ತೆರೆದು, ಆಡಿಟ್ ಮಾಡಿಸುವ ತಲೆನೋವಿಗೆ ಹೋಲಿಸಿದರೆ ಅಗ್ಗವೇ. ಈ ಎರಡರ ಪುಟವನ್ನೂ ಫಂಡಿಂಗ್.ಜೇಸನ್‌ನಲ್ಲಿ ಪಾವತಿ ಚಾನೆಲ್ ಎಂದು ಸೇರಿಸಬಹುದು.

ಯಾರೂ ಹೆಸರು ಕೇಳಿರದ, ಆದರೆ ಸಾವಿರಾರು ಪ್ಯಾಕೇಜುಗಳು ಒಳಗೊಳಗೇ ನೆಚ್ಚಿಕೊಂಡ ಲೈಬ್ರರಿ (ಬೇರೆ ತಂತ್ರಾಂಶಗಳು ಬಳಸುವ ಸಿದ್ಧ ಕೋಡ್) ನಿಮ್ಮದಾದರೆ ಇವತ್ತೇ ಫೈಲು ಬರೆಯಿರಿ. ಅರ್ಜಿಯ ಜೊತೆ ಆ ಅವಲಂಬಿತ ಪ್ಯಾಕೇಜುಗಳ ಎಣಿಕೆಯನ್ನೂ ವಿವರಣೆಯ ಮೊದಲ ಸಾಲಿನಲ್ಲೇ ಹಾಕಿ. ಸ್ಟಾರ್‌ಗಳ (ಗಿಟ್‌ಹಬ್‌ನ ಮೆಚ್ಚುಗೆ ಗುರುತು) ಸಂಖ್ಯೆಗಿಂತ ಅದಕ್ಕೆ ತೂಕ ಹೆಚ್ಚು.