ಹ್ಯಾರಿಗೆ ಅಷ್ಟೊಂದು ಗುರುಗಳು, ಸ್ವಾಮಿಗೆ ಒಬ್ಬರೂ ಇಲ್ಲ

ಮಗಳಿಗೆ ರಾತ್ರಿ ಓದಿ ಹೇಳೋಕೆ ಅಂತ ಎರಡು ಕಥೆ ಹಿಡಿದೆ. ಒಂದು ಮಾಂತ್ರಿಕರ ಶಾಲೆಗೆ ಸೇರುವ ಹುಡುಗ ಹ್ಯಾರಿ ಪಾಟರ್‌ದು, ಇನ್ನೊಂದು ಆರ್. ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್'. ಎರಡರಲ್ಲೂ ಹುಡುಗ ದೊಡ್ಡವನಾಗುತ್ತಾನೆ. ಆದರೆ ಯಾರ ಕೈಯಲ್ಲಿ ಬೆಳೆಯುತ್ತಾನೆ ಅಂತ ನೋಡಿದರೆ ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಹ್ಯಾರಿಗೆ ಅಪ್ಪ ಅಮ್ಮ ಇಲ್ಲ. ದೊಡ್ಡಮ್ಮನ ಮನೆಯಲ್ಲಿ ಮೆಟ್ಟಿಲ ಕೆಳಗೆ ಮಲಗುವ ಹುಡುಗ. ಹಾಗಾಗಿ ಕಥೆಯುದ್ದಕ್ಕೂ ಅವನಿಗೆ ಯಾರಾದರೂ ಹಿರಿಯರು ಸಿಗುತ್ತಲೇ ಇರಬೇಕು: ಶಾಲೆಯ ಕಾವಲುಗಾರ ಹ್ಯಾಗ್ರಿಡ್, ಮೇಷ್ಟ್ರು ಲೂಪಿನ್, ಅಪ್ಪನ ಗೆಳೆಯ ಸಿರಿಯಸ್, ಎಲ್ಲರಿಗಿಂತ ಮೇಲೆ ಹೆಡ್‌ಮಾಸ್ಟರ್ ಡಂಬಲ್‌ಡೋರ್. ಮಗಳಿಗೆ ಮಾತ್ರ ಇವರೆಲ್ಲರಿಗಿಂತ ಜಾಸ್ತಿ ಹಿಡಿಸಿದ್ದು ಹ್ಯಾರಿಯ ಗೆಳೆಯ ರಾನ್‌ನ ಅಮ್ಮ. ಹ್ಯಾರಿಯನ್ನು ರೈಲ್ವೆ ಸ್ಟೇಷನ್ನಿನಲ್ಲಿ ಒಮ್ಮೆ ನೋಡಿದ್ದಷ್ಟೇ, ಕ್ರಿಸ್‌ಮಸ್‌ಗೆ ಅವನಿಗೂ ಒಂದು ಹಸಿರು ಸ್ವೆಟರ್ ಹೆಣೆದು ಕಳಿಸುತ್ತಾರೆ!

ನನಗೆ ಡಂಬಲ್‌ಡೋರ್ ಶುರುವಿನಲ್ಲಿ ಅಷ್ಟಾಗಿ ಹಿಡಿಸಲಿಲ್ಲ. ಎಲ್ಲಾ ಗೊತ್ತಿರುವ, ಕೊನೆ ಗಳಿಗೆಯಲ್ಲಿ ಬಂದು ಅರ್ಧ ಮಾತ್ರ ಹೇಳಿ ಹೋಗುವ ಮುದುಕ. 2007ರ ಕೊನೆಯ ಪುಸ್ತಕದಲ್ಲಿ, ಈ ಹುಡುಗ ಸಾವಿಗೆ ಎದುರಾಗಲೇಬೇಕು ಅನ್ನೋದು ಗೊತ್ತಿದ್ದೂ ಬಾಯಿಬಿಡದೆ ಅವನನ್ನು ಬೆಳೆಸಿದ್ದ ಅಂತ ತಿಳಿದಾಗ ಮಾತ್ರ ಆ ಪಾತ್ರ ನನಗೆ ನಿಜ ಅನ್ನಿಸಿತು. ಹ್ಯಾರಿ ದೊಡ್ಡವನಾಗುವುದೂ ಅಲ್ಲೇ. ಮೋಸ ಗೊತ್ತಾದ ಮೇಲೂ ಸಾವಿನತ್ತ ನಡೆದು ಹೋಗುತ್ತಾನಲ್ಲ, ಅಲ್ಲಿ.

1935ರ ಸ್ವಾಮಿಗೆ ಮನೆ ತುಂಬಾ ಜನ. ವಕೀಲ ಅಪ್ಪ, ಅಮ್ಮ, ಅಜ್ಜಿ, ಆಗತಾನೆ ಹುಟ್ಟಿದ ತಮ್ಮ. ದಾರಿ ತೋರಿಸುವವರು ಮಾತ್ರ ಯಾರೂ ಇಲ್ಲ. ಅಪ್ಪ ರಜೆಯಲ್ಲೂ ಕೂರಿಸಿಕೊಂಡು ಮಾವಿನಹಣ್ಣಿನ ಲೆಕ್ಕ ಮಾಡಿಸುತ್ತಾನೆ, ಇವನಿಗೆ ಹಣ್ಣು ಮಾಗಿದೆಯೋ ಇಲ್ಲವೋ ಅನ್ನೋದೇ ಚಿಂತೆ. ಅಜ್ಜಿ ಹೊಟ್ಟೆನೋವು, ಒಂದು ನಿಂಬೆಹಣ್ಣು ತಂದುಕೊಡು ಅಂದರೆ ಕ್ರಿಕೆಟ್ ಅವಸರದಲ್ಲಿ ಆಗಲ್ಲ ಅಂತ ಓಡುತ್ತಾನೆ. ಆಮೇಲೆ ಆಟದ ಮಧ್ಯೆ ಅಜ್ಜಿಗೆ ಏನಾಯ್ತೋ ಅಂತ ಮನಸ್ಸು ಕೊರೆಯುತ್ತದೆ. ಯಾರೂ ಬುದ್ಧಿ ಹೇಳಿಲ್ಲ, ಯಾರೂ ಬೈದಿಲ್ಲ. ಮಗಳು ಇಲ್ಲಿ 'ಅಜ್ಜಿ ಸತ್ತು ಹೋಗ್ತಾರಾ?' ಅಂತ ಎದ್ದು ಕೂತಳು. ಹ್ಯಾರಿ ಪಾಟರ್‌ನ ಯಾವ ರಾಕ್ಷಸನಿಗೂ ಹೀಗೆ ಎದ್ದು ಕೂತಿರಲಿಲ್ಲ.

ಅಪ್ಪನ ವಿಷಯವೂ ಹಾಗೇ. ಪುಸ್ತಕದ ತುಂಬಾ ಗದರುವ ಮನುಷ್ಯ, ಮಗ ಓಡಿಹೋದ ರಾತ್ರಿ ಎದೆ ಹೊಡೆದುಕೊಳ್ಳುತ್ತಾ ರೈಲು ಹಳಿ ಗುಂಟ ಹುಡುಕಿಕೊಂಡು ಹೋಗುತ್ತಾನೆ. ಅದು ಸ್ವಾಮಿಗೆ ಗೊತ್ತಾಗುವುದೇ ಇಲ್ಲ, ಓದುವ ನಮಗೆ ಮಾತ್ರ ಗೊತ್ತು. (ಆಗುಂಬೆಯಲ್ಲಿ ಶಂಕರ್ ನಾಗ್ ತೆಗೆದ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಈ ಅಪ್ಪ ಗಿರೀಶ್ ಕಾರ್ನಾಡ್. ನನ್ನ ತಲೆಯಲ್ಲಿ ಬೇರೆ ಮುಖ ಬರುವುದೇ ಇಲ್ಲ.)

ಮುಂದೇನಾಯ್ತು ಅನ್ನೋ ಕುತೂಹಲದಲ್ಲಿ ಪಾಟರ್‌ದೇ ಗೆಲುವು, ಅನುಮಾನ ಬೇಡ. ಸ್ವಾಮಿ ಕೆಲವು ಕಡೆ ನಿಧಾನ, ಆಣೆ ಪೈಸೆ ಎಲ್ಲಾ ಬಿಡಿಸಿ ಹೇಳಬೇಕು. ಆದರೂ ಮಕ್ಕಳಿಗೆ ಓದಿ ಹೇಳುವುದಾದರೆ ನನ್ನ ಓಟು ಸ್ವಾಮಿಗೆ. ಪಾಟರ್ ಪುಸ್ತಕಗಳನ್ನು ಮಕ್ಕಳೇ ಓದಿಕೊಳ್ಳಲಿ. ಆ ಐದನೇ ಪುಸ್ತಕದ ದಪ್ಪ ನೋಡಿದರೆ ನನ್ನ ಗಂಟಲಿಗೂ ಅದೇ ಒಳ್ಳೆಯದು.