ಸಿಲಿಕೇಟ್ ಅಂದ್ರೆ ಬರೀ ಮರಳು ಅಂದವರ ಮಾತು ನಂಬಬೇಡಿ

ಒಳಗೆ ಏನೇನಿದೆ ಅಂತ ಬರೆಯದ ಚೀಲದಲ್ಲಿ ಬರುವ ಬಟ್ಟೆ ಒಗೆಯುವ ಪುಡಿಯನ್ನು ದಯವಿಟ್ಟು ಮನೆಗೆ ತರಬೇಡಿ. ಅಂಥದ್ದೇ ಪುಡಿಯಿಂದ ನಮ್ಮಮ್ಮನ ಎರಡೂ ಕೈ ಸುಟ್ಟಿವೆ.

ಮಾರುವವನು ಅಮ್ಮನಿಗೆ ಹೇಳಿದ್ದಿಷ್ಟು: "ಇದ್ರಲ್ಲಿ ಫಾಸ್ಫೇಟ್ ಇಲ್ಲಮ್ಮ, ಸಿಲಿಕೇಟ್ ಇರೋದು. ಮರಳಿಂದ ಮಾಡಿದ್ದು, ಕೈಗೆ ಏನೂ ಆಗಲ್ಲ." ಅಮ್ಮ ಬಕೆಟ್ಟಿಗೆ ಪುಡಿ ಸುರಿದು ಕೈಯಲ್ಲೇ ಕಲಸಿದರು. ಆಗ ಉರಿ ಇರಲಿಲ್ಲ. ಬೆರಳು ಜಾರುತ್ತಿತ್ತು, ಎಷ್ಟು ತೊಳೆದರೂ ಆ ಜಾರಿಕೆ ಹೋಗಲೊಲ್ಲದು. ಚರ್ಮದ ಕೊಬ್ಬನ್ನೇ ಕ್ಷಾರ (ಹುಳಿಗೆ ವಿರುದ್ಧ ಗುಣದ ವಸ್ತು) ಸೋಪಾಗಿಸುವಾಗ ಹೀಗಾಗುತ್ತದೆ. ಸಂಜೆ ಹೊತ್ತಿಗೆ ಉಗುರಿನ ಸುತ್ತ ಚರ್ಮ ಸುಲಿದಿತ್ತು, ಬೆರಳ ಗೆಣ್ಣುಗಳು ಕೆಂಪಾಗಿ ಬಿರಿದಿದ್ದವು. ಡಾಕ್ಟರು ನೋಡಿ ಕ್ಷಾರದ ಸುಟ್ಟಗಾಯ ಅಂದರು. ನಾವು ಹೋಗಿ ಪಟ್ಟು ಹಿಡಿದು ಕೇಳಿದ ಮೇಲಷ್ಟೇ ಮಾರಿದವನು ಬಾಯಿ ಬಿಟ್ಟಿದ್ದು: ಪುಡಿಯಲ್ಲಿದ್ದ ಸಿಲಿಕೇಟ್ ಸೋಡಿಯಂ ಮೆಟಾಸಿಲಿಕೇಟ್.

ಮರಳಿನಿಂದ ಮಾಡಿದ್ದು ಅನ್ನುವುದೇನೋ ನಿಜ. ಆದರೆ ಸಿಲಿಕೇಟುಗಳಲ್ಲಿ ಹಲವು ಬಗೆ. ಸಿಲಿಕಾ (ಮರಳಿನ ಅಂಶ) ಹೆಚ್ಚು, ಸೋಡಾ (ಕ್ಷಾರದ ಅಂಶ) ಕಡಿಮೆ ಇದ್ದರೆ ಕ್ಷಾರದ ತೀವ್ರತೆ ಕಡಿಮೆ. ಮೆಟಾಸಿಲಿಕೇಟಿನಲ್ಲಿ ಸೋಡಾದ ಪಾಲು ಜಾಸ್ತಿ, ಹಾಗಾಗಿ ನೂರು ಪಾಲು ನೀರಿಗೆ ಒಂದು ಪಾಲು ಬೆರೆಸಿದರೂ ಪಿಎಚ್ (ಹುಳಿ-ಕ್ಷಾರ ಅಳೆಯುವ ಅಂಕಿ; ಶುದ್ಧ ನೀರಿಗೆ 7) 12 ದಾಟುತ್ತದೆ. ಪಿಎಚ್ ಒಂದಂಕಿ ಏರಿತು ಅಂದರೆ ಕ್ಷಾರ 10 ಪಟ್ಟಾಯಿತು ಅಂತ. ದೊಡ್ಡ ಮಟ್ಟದಲ್ಲಿ ಯಂತ್ರಗಳಲ್ಲಿ ತೊಳೆಯುವ ಕಡೆ, ಕೈಗವಸು ಹಾಕಿಕೊಂಡು ಬಳಸುವ ವಸ್ತು ಇದು.

ಸಿಲಿಕೇಟೇ ಬೇಡ ಅಂತ ನಾನು ಹೇಳುತ್ತಿಲ್ಲ. ಅಳತೆಯಲ್ಲಿದ್ದರೆ ಜಿಡ್ಡು ಬಿಡಿಸುತ್ತದೆ, ಬಿಟ್ಟ ಕೊಳೆ ಮತ್ತೆ ಬಟ್ಟೆಗೆ ಕೂರದಂತೆ ನೋಡಿಕೊಳ್ಳುತ್ತದೆ, ವಾಷಿಂಗ್ ಮಷೀನಿನ ಲೋಹದ ಮೇಲೆ ತೆಳು ಪದರ ಕಟ್ಟಿ ಸವೆತ ತಡೆಯುತ್ತದೆ. ನನ್ನ ಸಿಟ್ಟು ಹೆಸರು ಮುಚ್ಚಿಟ್ಟು, ಕೈಯಲ್ಲಿ ಒಗೆಯುವವರಿಗೆ ಇದನ್ನು ಮಾರುವವರ ಮೇಲೆ.

ಚೀಟಿಯಲ್ಲಿ ಮೆಟಾಸಿಲಿಕೇಟ್ ಅಂತ ಕಂಡರೆ ಕೈಗವಸು ಇಲ್ಲದೆ ಮುಟ್ಟಬೇಡಿ. ರೇಷ್ಮೆ, ಉಣ್ಣೆಗಂತೂ ಬೇಡವೇ ಬೇಡ. ಅವೂ ಚರ್ಮದ ಹಾಗೆ ಪ್ರೋಟೀನೇ, ಕ್ಷಾರ ಅವನ್ನೂ ತಿನ್ನುತ್ತದೆ. ಮೈಗೆ ತಾಗಿದರೆ ನಲ್ಲಿ ಬಿಟ್ಟು ಹರಿಯುವ ನೀರಿನಲ್ಲಿ 15-20 ನಿಮಿಷ ಹಿಡಿಯಿರಿ. ಹುಳಿಯಿಂದ ಕ್ಷಾರ ಇಳಿಯುತ್ತೆ ಅಂತ ನಿಂಬೆರಸ, ವಿನೆಗರ್ ಸುರಿಯಬೇಡಿ. ಗಾಯ ಇನ್ನೂ ಕೆರಳಬಹುದು, ತೊಳೆಯುವ ಹೊತ್ತೂ ಹಾಳು. ಪುಡಿ ಸುರಿಯುವಾಗ ಏಳುವ ದೂಳು ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಅಷ್ಟೇ ಹೊತ್ತು ತೊಳೆದು, ನೋವು ಇರಲಿ ಬಿಡಲಿ, ನೇರ ಆಸ್ಪತ್ರೆಗೆ ಹೋಗಿ.