ಮುಧೋಳವೋ ಬೀಗಲ್ಲೋ: ಮನೆಗೆ ಯಾವ ಬೇಟೆನಾಯಿ?

ಮುಧೋಳ ಕಣ್ಣಿಂದ ಬೇಟೆ ಹುಡುಕುವ ತಳಿ, ಬೀಗಲ್ ಮೂಗಿನಿಂದ. ಮುಖ್ಯ ವ್ಯತ್ಯಾಸಗಳು ಇಲ್ಲಿಂದಲೇ ಹುಟ್ಟುತ್ತವೆ. ಓಡುವ ಬೆಕ್ಕು ಕಂಡರೆ ಮುಧೋಳಕ್ಕೆ ನಿಮ್ಮ ಕೂಗು ಕೇಳಿಸದು. 6 ಅಡಿ ಕಾಂಪೌಂಡ್ ಇಲ್ಲದೆ ಬಿಡಬೇಡಿ. ದಿನಾ ಮನಸಾರೆ ಓಡಬೇಕು. ಮೈಯಲ್ಲಿ ಕೊಬ್ಬು ಕಡಿಮೆ: ಬರಿ ನೆಲದಲ್ಲಿ ಮಲಗಿದರೆ ಮೊಣಕೈ ಜಡ್ಡುಗಟ್ಟುತ್ತದೆ, ಅರಿವಳಿಕೆಗೆ ಮುನ್ನ ವೈದ್ಯರಿಗೆ ತಳಿ ಯಾವುದೆಂದು ಹೇಳಲೇಬೇಕು. ಅಪರಿಚಿತರಿಂದ ದೂರ ನಿಲ್ಲುತ್ತದೆ, ಗದರಿದರೆ ಮುದುಡುತ್ತದೆ.

ಬೀಗಲ್ 10 ಕೆಜಿ ಆಸುಪಾಸು, ಮಕ್ಕಳೊಂದಿಗೆ ಬೇಗ ಬೆರೆಯುತ್ತದೆ. ಊಟ ಅಳೆದೇ ಹಾಕಿ, ಬೊಜ್ಜು ಬರುವುದು ಸುಲಭ. ಜೋಲುಕಿವಿಯನ್ನು ವಾರಕ್ಕೊಮ್ಮೆ ಒರೆಸದಿದ್ದರೆ ಸೋಂಕು.

ಅಪಾರ್ಟ್‌ಮೆಂಟಿನಲ್ಲಿ ಹಗಲೆಲ್ಲ ಯಾರಾದರೂ ಇದ್ದರೆ ಬೀಗಲ್ ಸರಿ. ಒಂಟಿ ಬಿಟ್ಟರೆ ಊಳಿಟ್ಟು ನೆರೆಯವರ ನಿದ್ದೆ ಕೆಡಿಸುತ್ತದೆ. ಬಿಸಿಲ ಸೀಮೆ, ತೋಟ, ಓಡಿಸುವ ಪುರುಸೊತ್ತು ಇದ್ದರೆ ಮುಧೋಳ. ಇದರ ಮರಿಗೆ ಬಾಗಲಕೋಟೆ ಜಿಲ್ಲೆಯ ಮುಧೋಳ ಪಟ್ಟಣದ ಬಳಿಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಮೊದಲು ವಿಚಾರಿಸಿ.